ನಳಿಕೆಯ ಬಾಯಿ ಎಷ್ಟು ಅಗಲ

ಬಂದೂಕಿನ ಅಂಗಡಿ ನಡೆಸಿದವನು ಎಂದು ಗೊತ್ತಾದ ಕೂಡಲೇ ಜನ ನನ್ನ ಮುಖದ ಮೇಲೆ ಮೀಸೆ ಹುಡುಕುತ್ತಾರೆ. ನನಗೆ ಮೀಸೆ ಇಲ್ಲ. ಹುಲಿಯನ್ನಂತೂ ಬಿಡಿ, ಮೊಲವನ್ನೂ ಹೊಡೆದವನಲ್ಲ. ಸೋಲಾಪುರದ ಪೇಟೆಯಲ್ಲಿ, ಚಾದರ ಅಂಗಡಿಗಳ ಸಾಲಿನಲ್ಲಿ ನಮ್ಮಪ್ಪ ತೆರೆದ ಅಂಗಡಿಯ ಹಿಂದಿನ ಕೋಣೆಯಲ್ಲಿ ಕೂತು ನಾನು ಆಯುಷ್ಯವೆಲ್ಲ ಮಾಡಿದ್ದು ತುಕ್ಕು ತೆಗೆಯುವ ಕೆಲಸ, ಎಣ್ಣೆ ಹಚ್ಚುವ ಕೆಲಸ, ಬಿರುಕು ಬಿಟ್ಟ ಮರದ ಹಿಡಿಯನ್ನು ಅಂಟಿಸಿ ಉಜ್ಜುವ ಕೆಲಸ. ಇವೆಲ್ಲಕ್ಕಿಂತ ಹೆಚ್ಚಾಗಿ, ಬಂದ ಗಿರಾಕಿಗೆ ‘ಇದು ನಿಮಗ ಬ್ಯಾಡ್ರಿ’ ಎಂದು ಹೇಳುವ ಕೆಲಸ.

ಈಗ ಅಂಗಡಿಯನ್ನು ನನ್ನ ತಮ್ಮನ ಮಗಳು ಶ್ರುತಿ ನೋಡಿಕೊಳ್ಳುತ್ತಾಳೆ. ಮರಾಠಿ ಶಾಲೆಯಲ್ಲಿ ಓದಿ, ಯಂತ್ರಗಳ ವಿದ್ಯೆ ಕಲಿತು ಬಂದವಳು. ಕನ್ನಡ ಚೆನ್ನಾಗಿ ಮಾತಾಡುತ್ತಾಳೆ, ಓದುವಾಗ ಮಾತ್ರ ಅಕ್ಷರ ಕೂಡಿಸಬೇಕು. “ಕಾಕಾ, ನೀವು ಬರೀರಿ, ನಾ ಹಳೂಕ ಓದತೀನಿ” ಎಂದಿದ್ದಾಳೆ. ಗಿರಾಕಿಗೆ ಯಾವ ಬೋರಿನ ಬಂದೂಕು ಸರಿ ಎಂದು ಹೇಗೆ ತಿಳಿಯುವುದು ಎಂಬುದು ಅವಳ ಪ್ರಶ್ನೆ. ಬೋರ್ ಎಂದರೆ ನಳಿಕೆಯ ಒಳಗಿನ ಅಗಲ, ಅಷ್ಟೆ. ಆದರೆ ಆ ಅಗಲವನ್ನು ಆರಿಸುವುದು ನನಗೆ ಅರ್ಥವಾದದ್ದು ಅಂಗಡಿ ಬಿಡುವ ಕಾಲಕ್ಕೆ. ಅದನ್ನೇ ಬರೆಯುತ್ತೇನೆ.

ನನಗೆ ಕೆಲಸ ಕಲಿಸಿದವರು ಉಸ್ತಾದ್ ಮಕ್ತುಮಸಾಬ. ಅಪ್ಪ ಮುಂದೆ ಗಲ್ಲೆಯ ಮೇಲೆ ಕೂರುತ್ತಿದ್ದರು, ಉಸ್ತಾದ್ ಹಿಂದಿನ ಕೋಣೆಯಲ್ಲಿ. ಅಂಗಡಿ ಅಪ್ಪನದೇ ಆದರೂ ಆ ಕೋಣೆಯ ಹೊಸ್ತಿಲು ದಾಟುವಾಗ ಅಪ್ಪನೂ ಚಪ್ಪಲಿ ಬಿಡುತ್ತಿದ್ದರು. ಅಲ್ಲಿ ಎಣ್ಣೆಯ, ಅರಗಿನ, ಹಳೆಯ ಮರದ ವಾಸನೆ ಬೆರೆತು ಒಂದು ಘಮ ಇತ್ತು. ಇಂದಿಗೂ ಯಾರಾದರೂ ಹೊಲಿಗೆ ಯಂತ್ರಕ್ಕೆ ಎಣ್ಣೆ ಬಿಟ್ಟರೆ ನಾನು ಒಂದು ಕ್ಷಣ ಆ ಕೋಣೆಗೆ ಹೋಗಿ ಬರುತ್ತೇನೆ.

ನಾನು ಅಂಗಡಿಗೆ ಬಂದ ಹೊಸತರಲ್ಲಿ ಹೋಟಗಿಯಿಂದ ರೈಲ್ವೆ ಗಾರ್ಡ್ ಒಬ್ಬರು ಬಂದರು. ಅವರಿಗೆ ಜೋಡುನಳಿಕೆಯ ಬಂದೂಕು ಬೇಕಾಗಿತ್ತು. ಅಪ್ಪ ಊಟಕ್ಕೆ ಹೋಗಿದ್ದರು. ನಾನು ದೊಡ್ಡ ತಿಳಿವಳಿಕಸ್ಥನಂತೆ, “ಹನ್ನೆರಡು ಬೋರ್ ಸಣ್ಣದ್ರಿ ಸಾಹೇಬ್ರ, ಹದಿನಾರು ತಗೋರಿ, ದೊಡ್ಡದು” ಎಂದೆ. ಗಾರ್ಡ್ ಸಾಹೇಬರು ಮೊದಲು ನನ್ನನ್ನು ನೋಡಿದರು, ಆಮೇಲೆ ಟೊಪ್ಪಿಗೆ ತೆಗೆದು ಮೇಜಿನ ಮೇಲಿಟ್ಟು ಹೊಟ್ಟೆ ಹಿಡಿದು ನಕ್ಕರು. ಒಳಗಿನಿಂದ ಉಸ್ತಾದ್ ಕರೆದರು.

“ಬೇಟಾ, ಒಂದು ಪೌಂಡು ಸೀಸ ಅದ ಅಂತ ತಿಳಿ. ಅದರಾಗ ಹನ್ನೆರಡು ಗುಂಡು ಮಾಡಿದ್ರ ಒಂದೊಂದು ಎಷ್ಟು ದಪ್ಪ ಆಗತಾವು? ಹದಿನಾರು ಮಾಡಿದ್ರ?”

ನಾನು ಬೆರಳು ಮಡಚಿ ಎಣಿಸತೊಡಗಿದೆ.

“ರೊಟ್ಟಿ ಹಿಟ್ಟು ಇದ್ದಂಗ. ಉಣ್ಣೋ ಮಂದಿ ಹೆಚ್ಚಾದ್ರ ರೊಟ್ಟಿ ಸಣ್ಣವಾಗತಾವು. ಹನ್ನೆರಡು ದೊಡ್ಡದು, ಹದಿನಾರು ಸಣ್ಣದು. ಹೋಗು, ಸಾಹೇಬ್ರಿಗಿ ಚಹಾ ಹೇಳು.”

ಗಾರ್ಡ್ ಸಾಹೇಬರು ಹನ್ನೆರಡನ್ನೇ ಒಯ್ದರು. ಆಮೇಲೆ ಎಷ್ಟೋ ವರ್ಷ, ಅಂಗಡಿಯ ಮುಂದೆ ಹಾದುಹೋಗುವಾಗೆಲ್ಲ, “ಏನಪಾ ಹದಿನಾರು, ಆರಾಮ ಇದ್ದೀಯೇನು?” ಎಂದು ಕೂಗಿ ಹೋಗುತ್ತಿದ್ದರು.

ಉಸ್ತಾದರಿಗೆ ಒಂದು ಪದ್ಧತಿ ಇತ್ತು. ಬೋರ್ ಮಾತು ಎತ್ತಿದ ಗಿರಾಕಿಗೆ, “ಏನು ಹೊಡೀತೀರಿ, ಅದು ಮೊದಲ ಹೇಳ್ರಿ” ಎನ್ನುತ್ತಿದ್ದರು. ಕಂದಲಗಾಂವದ ರೈತನೊಬ್ಬ ಜೋಳದ ಹೊಲಕ್ಕೆ ಬರುವ ಹಂದಿಗಳನ್ನು ಬೆದರಿಸಲು ದೊಡ್ಡ ಬಾಯಿಯ ಕೇಪಿನ ಬಂದೂಕು ಬೇಕೆಂದು ಬಂದ. ಹೊಡೆಯುವುದೇನು ಎಂದು ಉಸ್ತಾದ್ ಕೇಳಿದರು. “ಹೊಡಿಯೂದೇನಿಲ್ರಿ, ಬರೇ ಆವಾಜ ಬೇಕ್ರಿ” ಎಂದ. “ಆವಾಜ ಬೇಕಾದ್ರ ದೀಪಾವಳಿ ಅಂಗಡಿಗಿ ಹೋಗು” ಎಂದು ಉಸ್ತಾದ್ ಅವನನ್ನು ಕಳಿಸಿಬಿಟ್ಟರು. ಅಪ್ಪನಿಗೆ ಸಿಟ್ಟು ಬಂತು. ಆದರೆ ಆ ರೈತ ಮುಂದಿನ ವರ್ಷ ತನ್ನ ಹೊಲದ ಹಸಿ ಕಡಲೆಯ ಸೂಡು ತಂದು ಉಸ್ತಾದರ ಮುಂದಿಟ್ಟು ಹೋದ.

ಉಸ್ತಾದ್ ತೀರಿಕೊಂಡ ಮೇಲೆ ಹಿಂದಿನ ಕೋಣೆ ನನ್ನದಾಯಿತು. ಅವರು ನಳಿಕೆಯನ್ನು ಬೆಳಕಿಗೆ ಹಿಡಿದು ಒಂದು ಕಣ್ಣು ಮುಚ್ಚಿ ನೋಡಿದರೆ ಒಳಗಿನ ಗೀರು, ಗುಳಿ ಎಲ್ಲ ತಿಳಿಯುತ್ತಿತ್ತು. ನಾನು ಅಳತೆಯ ಉಕ್ಕಿನ ಕಡ್ಡಿಗಳನ್ನು ತರಿಸಿಕೊಂಡೆ. ಶ್ರುತಿ ಈಗ ತೆಳ್ಳನೆಯ ತಂತಿಯ ತುದಿಗೆ ಕ್ಯಾಮೆರಾ ಇರುವ ಸಾಧನ ತೂರಿಸಿ ಫೋನಿನಲ್ಲಿ ನೋಡುತ್ತಾಳೆ. ನಾನೂ ಬಗ್ಗಿ ನೋಡಿದ್ದೇನೆ. ನಳಿಕೆಯ ಒಳಗಿನ ಸುರುಳಿಗೆರೆಗಳು ಬಾವಿಯ ಮೆಟ್ಟಿಲಿನ ಹಾಗೆ ಕಾಣುತ್ತವೆ. ಉಸ್ತಾದ್ ಇದನ್ನು ನೋಡಬೇಕಿತ್ತು ಎನ್ನಿಸುತ್ತದೆ.

ಇನ್ನು ಗುರುನಾಥರಾಯರ ವಿಷಯ.

ಅವರು ಅಕ್ಕಲಕೋಟದ ವಕೀಲರು. ವಕೀಲಿ ಬಿಟ್ಟಿದ್ದರೂ ಊರಿಗೆಲ್ಲ ವಕೀಲಸಾಹೇಬರೇ. ಊರಾಚೆಯ ಬಯಲಿನಲ್ಲಿರುವ, ಗುರಿ ಹೊಡೆಯುವವರ ನಿಶಾನಿ ಕ್ಲಬ್ಬಿಗೆ ಹರೆಯದಿಂದಲೂ ಹೋಗುತ್ತಿದ್ದರು. ಅವರ ಬಂದೂಕುಗಳೆಲ್ಲ ನನ್ನ ಕೈಯಲ್ಲೇ ದುರಸ್ತಿಯಾದವು. ಒಂದು ದಿನ ಹೆಂಡತಿ ಸುಮತಿಬಾಯಿಯವರನ್ನು ಕರೆದುಕೊಂಡು ಅಂಗಡಿಗೆ ಬಂದು, ಕೂರುವ ಮೊದಲೇ, “ಸಿದ್ರಾಮಣ್ಣ, ನನಗೊಂದು ಚಕಮಕಿ ಬಂದೂಕು ಮಾಡಿಕೊಡ್ರಿ” ಎಂದರು.

ಚಕಮಕಿ ಬಂದೂಕು ಎಂದರೆ ಅಜ್ಜ ಮುತ್ತಜ್ಜರ ಕಾಲದ್ದು. ಟ್ರಿಗರ್ ಎಳೆದರೆ, ಕುದುರೆ ಎಂದು ಕರೆಯುವ ಬಾಗಿದ ಉಕ್ಕಿನ ತುಂಡಿನ ಬಾಯಲ್ಲಿರುವ ಕಲ್ಲು ಉಕ್ಕಿಗೆ ಬಡಿದು ಕಿಡಿ ಹಾರುತ್ತದೆ. ಕಿಡಿ ಹೊರಗಿನ ಪುಟ್ಟ ಬಟ್ಟಲಿನ ಮದ್ದಿಗೆ ಹತ್ತಿ, ಅಲ್ಲಿಂದ ಬೆಂಕಿ ಸಣ್ಣ ತೂತಿನ ಮೂಲಕ ಒಳಗೆ ಹೋಗಿ ಆಮೇಲೆ ಗುಂಡು ಹಾರುತ್ತದೆ. ಇಂಥ ಬಂದೂಕಿನಿಂದ ನಿಶಾನಿ ಹೊಡೆಯುವ ಹವ್ಯಾಸದವರು ಈಗಲೂ ಇದ್ದಾರೆ. ಉತ್ತರದ ಕಡೆ ಪರವಾನಗಿಯಿದ್ದ ಕಾರಖಾನೆಯೊಂದು ನಳಿಕೆ, ಕುದುರೆ, ಹಿತ್ತಾಳೆ ತುಣುಕು, ಕೆತ್ತದ ಮರ ಎಲ್ಲವನ್ನೂ ಬಿಡಿಬಿಡಿಯಾಗಿ ಒಂದು ಪೆಟ್ಟಿಗೆಯಲ್ಲಿ ಕಳಿಸುತ್ತಿತ್ತು. ಕೂಡಿಸಿ, ಕೆತ್ತಿ, ಹೊಳಪು ಕೊಡುವುದು ನಮ್ಮಂಥ ಲೈಸೆನ್ಸಿನವರ ಕೆಲಸ. ಪೆಟ್ಟಿಗೆ ಕಳಿಸುವ ಮೊದಲು ಕಾರಖಾನೆಯವರು ಕೇಳುತ್ತಿದ್ದುದು ಒಂದೇ: ಬೋರ್ ಎಷ್ಟು? ಈ ಬಂದೂಕುಗಳ ಲೆಕ್ಕ ಬೇರೆ, ಇಂಚಿನ ನೂರನೆಯ ಭಾಗದಲ್ಲಿ. ನಲವತ್ತೈದು, ಐವತ್ತು, ಐವತ್ತನಾಲ್ಕು ಎಂದು ಮೂರಿದ್ದವು. ಇಲ್ಲಿ ಸಂಖ್ಯೆ ದೊಡ್ಡದಾದರೆ ಬಾಯಿಯೂ ದೊಡ್ಡದು.

“ಐವತ್ತನಾಲ್ಕು” ಎಂದರು ವಕೀಲಸಾಹೇಬರು, ಕೇಳುವ ಮೊದಲೇ. “ಅದಕ್ಕಿಂತ ದೊಡ್ಡದಿದ್ರ ಅದೂ ನಡೀತದ.”

ಕಾರಣವನ್ನು ಅವರೇ ನನಗೆ ತೋರಿಸಿದರು. ಮುಂದಿನ ವಾರ ಅಕ್ಕಲಕೋಟಕ್ಕೆ ಕರೆಸಿಕೊಂಡು, ಹಳೆಯ ಅರಮನೆಯ ಶಸ್ತ್ರಗಳನ್ನಿಟ್ಟ ಕಡೆ ಒಯ್ದು, ಗಾಜಿನ ಹಿಂದಿದ್ದ ಉದ್ದನೆಯ ಚಕಮಕಿ ಬಂದೂಕಿನ ಮುಂದೆ ನಿಲ್ಲಿಸಿದರು. ಹೆಬ್ಬೆರಳು ಹೋಗುವಂಥ ಬಾಯಿ.

“ಸಾಲಿ ತಪ್ಪಿಸಿ ಇದನ್ನ ನೋಡಲಿಕ್ಕ ಬರ್ತಿದ್ದೆ” ಎಂದರು. ಎಪ್ಪತ್ತು ದಾಟಿದ ಮನುಷ್ಯ ಗಾಜಿಗೆ ಮೂಗು ಹಚ್ಚಿ ನಿಂತಿದ್ದರು.

“ಅದು ಯುದ್ಧದ್ದರಿ ಸಾಹೇಬ್ರ. ಮುಂದ ದಂಡು ನಿಂತಿರ್ತದ, ಯಾರಿಗಾದ್ರೂ ಬೀಳ್ತದ. ನೀವು ಹೊಡಿಯೂದು ಕಾಗದಕ್ಕ.”

“ಇರವಲ್ದ್ಯಾಕ. ಕೈಯಾಗ ಹಿಡಿದ್ರ ಹಿಡಿದಂಗ ಆಗಬೇಕು.”

ಅವರ ಭುಜ, ತೋಳು, ಕತ್ತಿನ ಅಳತೆ ತೆಗೆದುಕೊಂಡು ನಾನು ಸೋಲಾಪುರಕ್ಕೆ ಮರಳಿದೆ. ಮರುದಿನ ಸುಮತಿಬಾಯಿಯವರ ಫೋನ್ ಬಂತು. ನಾನು ಅವರನ್ನು ವೈನಿ, ಅಂದರೆ ಅತ್ತಿಗೆ, ಎಂದೇ ಕರೆಯುತ್ತಿದ್ದೆ.

“ಸಿದ್ರಾಮಣ್ಣ, ಅವ್ರ ಬಲಭುಜ ಆಪರೇಶನ್ ಆಗ್ಯದ. ನಿಮಗ ಹೇಳಿರಂಗಿಲ್ಲ. ಅಂಗಿ ಹಾಕ್ಕೊಳ್ಳೂ ಮುಂದ ಹಲ್ಲು ಕಚ್ಚಿ ಹಾಕ್ಕೋತಾರ. ದೊಡ್ಡ ಬಂದೂಕು ಬ್ಯಾಡ ಅಂತ ನಾ ಅಂದ್ರ ಕೇಳಂಗಿಲ್ಲ. ನೀವು ಹೇಳ್ರಿ.”

ಹೇಳುವುದು ಹೇಗೆ? ಕೋರ್ಟಿನಲ್ಲಿ ಜೀವಮಾನವೆಲ್ಲ ವಾದ ಗೆದ್ದವರಿಗೆ ಬಾಯಿಮಾತಿನಿಂದ ಹೇಳಿ ಪ್ರಯೋಜನವಿಲ್ಲ. ನಾನು ಹೊರಗಿನ ದಪ್ಪ ಒಂದೇ ಇರುವ, ಒಳಗಿನ ತೂತು ಮಾತ್ರ ಬೇರೆಬೇರೆಯಾದ ಮೂರು ಕಬ್ಬಿಣದ ಕೊಳವೆ ಮಾಡಿಸಿ, ಒಂದೊಂದಕ್ಕೂ ಒರಟು ಮರದ ಹಿಡಿ ಕೂಡಿಸಿಟ್ಟೆ. ಕೈಯಲ್ಲಿ ಹಿಡಿದರೆ ತಾನೇ ತಿಳಿಯುತ್ತದೆ ಎಂಬುದು ನನ್ನ ಲೆಕ್ಕ.

ಇಬ್ಬರೂ ಬಂದರು. ವಕೀಲಸಾಹೇಬರು ಮೊದಲು ನಲವತ್ತೈದನ್ನು ಎತ್ತಿ ಎದುರಿನ ಚಾದರ ಅಂಗಡಿಯ ಬೋರ್ಡಿಗೆ ಗುರಿ ಹಿಡಿದರು. ಸ್ವಲ್ಪ ಹೊತ್ತಿಗೆ ಕೊಳವೆಯ ತುದಿ ಕೆಳಗಿಳಿಯತೊಡಗಿತು. ಐವತ್ತನಾಲ್ಕನ್ನು ಎತ್ತಿದರು. ಅದು ನಿಂತಲ್ಲೇ ನಿಂತಿತು.

“ನೋಡ್ರಿ, ದೊಡ್ಡದೇ ಹಗುರ ಅದ!” ಎಂದು ಕೊಳವೆ ಎತ್ತಿಹಿಡಿದು ನಕ್ಕರು.

ನನ್ನ ಹಲ್ಲೇ ನನ್ನ ನಾಲಿಗೆ ಕಚ್ಚಿದ ಹಾಗಾಯಿತು. ಅವರು ಹೇಳಿದ್ದು ಖರೇ ಇತ್ತು. ಹೊರಗಿನ ದಪ್ಪ ಒಂದೇ ಆದರೆ, ತೂತು ದೊಡ್ಡದಾದಷ್ಟೂ ಕಬ್ಬಿಣ ಕಡಿಮೆ, ಭಾರ ಕಡಿಮೆ. ಎತ್ತಿ ಹಿಡಿಯುವ ತೋಳಿಗೆ ದೊಡ್ಡ ಬೋರ್ ಸುಖ, ಗುಂಡು ಹಾರಿದಾಗ ಬಂದೂಕಿನ ಒದೆ ತಿನ್ನುವ ಭುಜಕ್ಕೆ ಸಣ್ಣ ಬೋರ್ ಸುಖ. ಶ್ರುತಿ, ಇದನ್ನು ನೆನಪಿಡು. ಗಿರಾಕಿಯ ತೋಳು ಮತ್ತು ಭುಜ ಬೇರೆಬೇರೆ ಉತ್ತರ ಕೊಡುತ್ತವೆ.

ಉಳಿದಿದ್ದು ಒಂದೇ ದಾರಿ. ಕ್ಲಬ್ಬಿನಲ್ಲಿ ದೊಡ್ಡ ಬಾಯಿಯ ಹಳೆಯ ಕೇಪಿನ ಬಂದೂಕು ಇತ್ತು, ಕಲ್ಲಿನ ಬದಲು ಬಡಿದರೆ ಸಿಡಿಯುವ ಪುಟ್ಟ ತಾಮ್ರದ ಕೇಪು ಸಿಕ್ಕಿಸಿ ಹಾರಿಸುವಂಥದ್ದು. ವಾರದ ನಡುವೆ, ಬೇರೆ ಯಾರೂ ಇಲ್ಲದ ಬೆಳಗ್ಗೆ, ಅದನ್ನು ಹಾರಿಸಿ ನೋಡೋಣ ಎಂದು ಮೂವರೂ ಹೋದೆವು. ನಾನು ತುಂಬಿ ಕೊಟ್ಟೆ. ಮೊದಲ ಗುಂಡಿಗೆ ಅವರ ಮುಖ ಬಿಳುಚಿತು. “ಬರೋಬರ್ ಅದ” ಎಂದರು. ಎರಡನೆಯ ಗುಂಡು ಗುರಿಯ ಮುಂದಿನ ನೆಲದಲ್ಲಿ ಧೂಳೆಬ್ಬಿಸಿತು. ಮೂರನೆಯ ಸಲ ನಾನು ಅವರಿಗೆ ಹೇಳದೆ ಉಸ್ತಾದರ ಹಳೆಯ ಪರೀಕ್ಷೆ ಮಾಡಿದೆ. ನಳಿಕೆಯೊಳಗೆ ಮದ್ದೂ ಇಲ್ಲ, ಗುಂಡೂ ಇಲ್ಲ, ಹೊರಗೆ ಕೇಪು ಮಾತ್ರ.

ವಕೀಲಸಾಹೇಬರು ಗುರಿ ಹಿಡಿದು ಟ್ರಿಗರ್ ಎಳೆದರು. ಕೇಪು ‘ಚಟ್’ ಎಂದಿತು, ಅಷ್ಟೆ. ಆದರೆ ಬಂದೂಕಿನ ಬಾಯಿ ನೆಲ ಕುಕ್ಕುವ ಕೋಳಿಯ ಹಾಗೆ ಕೆಳಗೆ ಬಡಿಯಿತು. ಬಾರದ ಒದೆಗೆ ಭುಜ ಮೊದಲೇ ಹೆದರಿ ಜಗ್ಗಿತ್ತು. ಕೇಪಿನ ಬಂದೂಕಿನಲ್ಲೇ ಹೀಗಾದರೆ ಚಕಮಕಿಯ ಗತಿಯೇನು? ಅದರಲ್ಲಿ ಕಿಡಿಗೂ ಗುಂಡಿಗೂ ನಡುವೆ ಕ್ಷಣ ಹೊತ್ತು ಹೋಗುತ್ತದೆ. ಆ ಕ್ಷಣ ಕಲ್ಲಿನ ಹಾಗೆ ನಿಲ್ಲಬೇಕು.

ಅವರು ಬಂದೂಕಿನ ಬಾಯನ್ನೇ ನೋಡುತ್ತ ನಿಂತರು. “ಸಿದ್ರಾಮಣ್ಣ, ಮದ್ದು ಹಾಕಿರಲಿಲ್ಲ, ಹೌದಲ್ರಿ?”

“ಇಲ್ರಿ.”

ಬಂದೂಕನ್ನು ನನ್ನ ಕೈಗೆ ಕೊಟ್ಟು ಕಾರಿನ ಕಡೆ ನಡೆದರು. ವೈನಿ ಅವರ ಹಿಂದೆ ಓಡಲಿಲ್ಲ. ನನ್ನ ಕೈಯಿಂದ ಬಂದೂಕು ತೆಗೆದುಕೊಂಡು, ಬಾಯನ್ನು ಆಕಾಶಕ್ಕೆ ಮಾಡಿ, ಕುದುರೆ ಎತ್ತಿ ಸುಟ್ಟ ಕೇಪು ತೆಗೆದು, ಬಟ್ಟೆಯಿಂದ ಒರೆಸಿ ಹಲಗೆಯ ಮೇಲಿಟ್ಟರು. ಇಷ್ಟು ಸಲೀಸಾಗಿ ಇವರು ಎಲ್ಲಿ ಕಲಿತರು ಎಂದುಕೊಂಡೆ. ಕೇಳಲು ಅದು ಹೊತ್ತಲ್ಲ. ಕುಂಭಾರಿ ದಾಟಿ ಸೋಲಾಪುರಕ್ಕೆ ಬರುವವರೆಗೂ ನನ್ನ ಮನಸ್ಸು ಕಹಿಯಾಗಿತ್ತು. ಕೆಲಸ ಸರಿಯಾಗಿ ಮಾಡಿದ್ದೆ. ಒಬ್ಬ ಹಳೆಯ ಗೆಳೆಯನನ್ನು ಅವನ ಹೆಂಡತಿಯ ಎದುರಿಗೆ ಕುಗ್ಗಿಸಿಯೂ ಇದ್ದೆ.

ಬಹಳ ದಿನ ಅವರ ಸುದ್ದಿ ಇಲ್ಲ. ಮೂರು ಕೊಳವೆಗಳೂ ಮೂಲೆಯಲ್ಲಿ ಧೂಳು ಹಿಡಿದವು. ಜೋಳದ ರಾಶಿ ಮುಗಿದು ಬಿಸಿಲು ಏರುತ್ತಿದ್ದ ದಿನಗಳಲ್ಲಿ ಒಂದು ಮಧ್ಯಾಹ್ನ ಇಬ್ಬರೂ ಬಂದರು. ವೈನಿಯ ಕೈಯಲ್ಲಿ ಹೊಸ ಚಾದರದ ಗಂಟು ಇತ್ತು. ಚಾದರ ತಗೊಳ್ಳೋಣ ಎಂದು ನೆವ ಹೇಳಿ ಗಂಡ ಅವರನ್ನು ಪೇಟೆಗೆ ಕರೆತಂದಿದ್ದರಂತೆ.

“ಅಳತಿ ತಗೋರಿ, ಸಿದ್ರಾಮಣ್ಣ” ಎಂದರು ವಕೀಲಸಾಹೇಬರು.

“ತಗೊಂಡೀನಲ್ರಿ.”

“ನಂದಲ್ಲ. ಇಕೀದು.”

ವೈನಿ ಗಂಟು ಕೆಳಗಿಟ್ಟರು. “ಅಹೋ, ಏನು ಮಾತಾಡಾಕತ್ತೀರಿ? ಮಂದಿ ನಗ್ತಾರ. ಈ ವಯಸ್ಸಿನಾಗ ನಾ ಬಂದೂಕು ಹಿಡಕೊಂಡು ನಿಂದ್ರಲೇನು?”

“ಸಿದ್ರಾಮಣ್ಣ, ನಿಮಗ ಗೊತ್ತಿಲ್ಲ. ಕಾಲೇಜಿನಾಗ ಕೆಡೆಟ್‌ಗಳ ನಿಶಾನಿ ಸ್ಪರ್ಧಾ ಇತ್ತು. ನಾ ಎರಡನೇದವ. ಒಂದನೇ ನಂಬರ್ ಯಾರದು, ಕೇಳ್ರಿ ಇಕೀಗಿ.”

ವೈನಿ ಬಗ್ಗಿ ಚಾದರದ ಗಂಟು ಸರಿಮಾಡಿದರು. ಕಿವಿ ಕೆಂಪಾಗಿದ್ದವು.

“ಲಗ್ನ ಆತು. ನಾ ಕ್ಲಬ್ಬಿಗಿ ಹೋಗ್ತಾ ಬಂದೆ, ಇಕಿ ಡಬ್ಬಿ ತಂದು ಬೇಲಿ ಆಚೆ ಕೂಡ್ತಾ ಬಂದ್ಳು. ನೀನೂ ಹೊಡೀತೀಯೇನು ಅಂತ ಒಂದಿನ ಕೇಳಲಿಲ್ಲ ನಾ. ಆವತ್ತು ಕ್ಲಬ್ಬಿನಾಗ, ಕಾರಿನಾಗ ಕೂತು ಹಿಂದ ತಿರುಗಿ ನೋಡಿದೆ. ಇಕಿ ಬಂದೂಕು ಇಳಿಸಿ ಇಡಾಕತ್ತಿದ್ಳು. ಆ ಕೈ ನೋಡಿದೆ.” ಅವರ ದನಿ ಕೋರ್ಟಿನ ದನಿಯಾಗಿರಲಿಲ್ಲ. “ನನ್ನ ಭುಜ ಮುಗೀತು, ಸಿದ್ರಾಮಣ್ಣ. ಬಂದೂಕು ಯಾಕ ಮುಗೀಬೇಕು?”

ಅಂಗಡಿಯಲ್ಲಿ ಬೇರೆ ಗಿರಾಕಿ ಇರಲಿಲ್ಲ. ಹೊರಗೆ ಚಾದರದವನು ಮರಾಠಿಯಲ್ಲಿ ಯಾರನ್ನೋ ಕರೆಯುತ್ತಿದ್ದ. ವೈನಿ ಸೆರಗಿನಿಂದ ಕೈ ಒರೆಸಿಕೊಂಡರು. ಆಮೇಲೆ ನನ್ನ ಕಡೆ ತಿರುಗಿ, “ಆ ಕೊಳವಿ ಅದಾವೇನು?” ಎಂದರು.

ಧೂಳು ಒರೆಸಿ ತಂದೆ. ನಾನು ಮುಂದಾಗಿ, “ವೈನಿ, ನಿಮಗ ನಲವತ್ತೈದೇ ಸರಿ. ಒದೆಯಂಗಿಲ್ಲ” ಎಂದೆ. ಅವರು ಅದನ್ನು ಎತ್ತಿ ಹಿಡಿದು, ಇಳಿಸಿದರು. ಐವತ್ತನಾಲ್ಕನ್ನು ಎತ್ತಿ ಇಳಿಸಿದರು. ನಡುವಿನದನ್ನು ಎತ್ತಿದಾಗ ಅದು ಅವರ ಕೆನ್ನೆಗೆ ಹೋಗಿ ಕೂತಿತು.

“ಇದು. ಐವತ್ತು.”

“ನಲವತ್ತೈದು ಇನ್ನೂ ಮೆತ್ತಗ…”

“ಸಣ್ಣ ಗುಂಡು ಹಗುರ ಇರ್ತದ, ಹೌದಲ್ರಿ? ನಮ್ಮ ಬಯಲಿನಾಗ ಗಿಡ ಇಲ್ಲ, ಗುಡ್ಡ ಇಲ್ಲ. ಕ್ಲಬ್ಬಿನ ಬಾವುಟ ಯಾವಾಗ ಸುಮ್ಮಕಿದ್ದದ್ದು ನೋಡೀರಿ? ಗಾಳಿ ತಳ್ಕೊಂಡು ಹೋಗ್ತದ ಅದನ್ನ. ಮತ್ತ ದೊಡ್ಡದರ ಒದೆ ತಿನ್ನೂ ಹಂಗಿಲ್ಲ, ಈ ಸಣ್ಣದರ ಭಾರ ಹೊರೂ ಹಂಗಿಲ್ಲ. ನಡುವಿಂದೇ ಇರಲಿ.”

ಅವರು ಇಷ್ಟು ವರ್ಷ ಕ್ಲಬ್ಬಿನ ಬೇಲಿಯಾಚೆ ಡಬ್ಬಿ ಹಿಡಿದು ಕೂತು ಬಾವುಟ ನೋಡಿದ್ದರು. ಉಸ್ತಾದ್ ‘ಏನು ಹೊಡೀತೀರಿ’ ಎಂದು ಕೇಳುತ್ತಿದ್ದರು. ಯಾರ ಭುಜ ಎಂದು ಕೇಳುವುದನ್ನು ನಾನು ಕಲಿತಿದ್ದೆ. ಎಲ್ಲಿ ನಿಂತು ಹೊಡೆಯುವುದು, ಅಲ್ಲಿ ಗಾಳಿ ಹೇಗೆ ಎಂಬುದು ನನಗೆ ಹೊಳೆದಿರಲಿಲ್ಲ. ಮೂರೂ ಕೇಳಿದ ಮೇಲೆ ಸಂಖ್ಯೆ ತಾನಾಗಿ ಬರುತ್ತದೆ, ಶ್ರುತಿ.

ಪರವಾನಗಿ ಸುಮತಿಬಾಯಿಯವರ ಹೆಸರಿಗೆ ಆಗಬೇಕಿತ್ತು. ವಿಚಾರಣೆಗೆ ಮನೆಗೆ ಬಂದ ಪೊಲೀಸಪ್ಪ ವಕೀಲಸಾಹೇಬರನ್ನು ಪ್ರಶ್ನೆ ಕೇಳುತ್ತಲೇ ಹೋದನಂತೆ. ಇವರು ಎಲ್ಲಕ್ಕೂ ‘ಬಾಯಿಸಾಹೇಬ್ರಿಗಿ ಕೇಳ್ರಿ’ ಎಂದರಂತೆ. ಕೊನೆಗೆ ಅವನು ಅಡುಗೆಮನೆಯ ಬಾಗಿಲಿಗೆ ನಿಂತು, ‘ಖರೇನಾ ಬಾಯಿ, ನಿಮಗೇ ಬೇಕೇನ್ರಿ?’ ಎಂದು ಕೇಳಿದನಂತೆ. ಇದನ್ನು ಹೇಳುವಾಗ ವಕೀಲಸಾಹೇಬರಿಗೆ ನಗು ತಡೆಯಲಾಗುತ್ತಿರಲಿಲ್ಲ.

ಪೆಟ್ಟಿಗೆ ಬಂತು. ಆ ಬೇಸಿಗೆ ನನ್ನ ವೃತ್ತಿಯ ಸುಖದ ದಿನಗಳು. ಅಕ್ರೋಟದ ಮರ. ಬೆಳಿಗ್ಗೆ ಅಂಗಡಿ ತೆರೆದು, ದೀಪ ಹಚ್ಚಿ, ಹಿಂದಿನ ಕೋಣೆಯಲ್ಲಿ ಕೂತು ವೈನಿಯ ಗಿಡ್ಡ ತೋಳಿಗೆ, ತೆಳ್ಳನೆಯ ಕೆನ್ನೆಗೆ ಸರಿಯಾಗಿ ಆ ಮರವನ್ನು ಕೆತ್ತುತ್ತಿದ್ದೆ. ಸುರುಳಿಸುರುಳಿಯಾಗಿ ಕೆಂಪು ಹೆರಕಲು ಕಾಲಡಿಗೆ ಬೀಳುತ್ತಿತ್ತು. ಯಾವ ಅವಸರವೂ ಇರಲಿಲ್ಲ. ಎಣ್ಣೆ ಕುಡಿಸಿದಷ್ಟೂ ಮರದ ಗೆರೆಗಳು ಮೇಲೆದ್ದು ಬಂದವು. ವಕೀಲಸಾಹೇಬರು ವಾರಕ್ಕೊಮ್ಮೆ ಬಂದು ಸ್ಟೂಲಿನ ಮೇಲೆ ಕೂತು, ಎಡಗೈಯಿಂದ ಮರ ಸವರಿ ಹೋಗುತ್ತಿದ್ದರು. ಅರಮನೆಯ ಬಂದೂಕಿನ ಮಾತು ಮತ್ತೆ ಎತ್ತಲಿಲ್ಲ. ಸೀಸ ಕರಗಿಸಿ ಗುಂಡು ಎರೆಯುವುದನ್ನು ಕಲಿತುಕೊಂಡರು. ಎಡಗೈಯಲ್ಲೂ ಮಾಡಬಹುದಾದ ಕೆಲಸ ಅದು. ಒಂದಾದರೂ ಗುಂಡಿನ ಮೇಲೆ ಗೆರೆ ಕಂಡರೆ ಮತ್ತೆ ಕರಗಿಸುತ್ತಿದ್ದರು.

ಮಳೆಗಾಲ ಕಳೆದು ನೆಲ ಒಣಗಿದ ಮೇಲೆ ಒಂದು ಬೆಳಿಗ್ಗೆ ಕ್ಲಬ್ಬಿಗೆ ಹೋದೆವು. ನಾನು ಅಂಗಡಿ ಬಿಡುವುದೆಂದು ಆಗಲೇ ನಿರ್ಧರಿಸಿದ್ದೆ. ಇದೇ ನನ್ನ ಕೊನೆಯ ಕೆಲಸ. ವೈನಿ ನೂಲಿನ ಸೀರೆಯುಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಮೊಮ್ಮಗನ ಬೂಟು ಹಾಕಿಕೊಂಡು ಬಂದಿದ್ದರು. ಕ್ಲಬ್ಬಿನ ನಾಲ್ಕಾರು ಜನ ಇದ್ದರು. ಯಾರೂ ನಗಲಿಲ್ಲ.

ಬಂದೂಕು ಎತ್ತಿದರು. ಕಲ್ಲು ಬಡಿಯಿತು, ಬಟ್ಟಲಲ್ಲಿ ಭಗ್ಗೆಂದು ಬೆಂಕಿ ಎದ್ದಿತು, ಆಮೇಲೆ ಆ ಕ್ಷಣ, ಆಮೇಲೆ ಗುಂಡು. ಬಿಳಿ ಹೊಗೆ ಗಾಳಿಗೆ ತಿರುಗಿ ನಮ್ಮ ಮೂವರನ್ನೂ ಮುಚ್ಚಿತು. ಹೊಗೆಯೊಳಗಿನಿಂದ ವಕೀಲಸಾಹೇಬರು ಕೆಮ್ಮುತ್ತ, “ಎಲ್ಲಿ ಬಿತ್ತು? ಸುಮತಿ, ಎಲ್ಲಿ ಬಿತ್ತು?” ಎಂದು ಕೇಳುತ್ತಿದ್ದರು.

ಹೊಗೆ ಸರಿಯಿತು. ವೈನಿ ಇನ್ನೂ ಕಾಗದವನ್ನೇ ನೋಡುತ್ತಿದ್ದರು. ಅವರ ಮುಖದಲ್ಲಿ ನಾನು ಅದುವರೆಗೂ ಕಾಣದ ಹುಡುಗಿಯೊಬ್ಬಳಿದ್ದಳು.

“ನಡುವಿನಿಂದ ಎಡಕ್ಕ, ನಾಲ್ಕು ಬೆರಳು. ಗಾಳಿ ಅದ” ಎಂದರು. ಆಮೇಲೆ ತಿರುಗಿ ನೋಡದೆ ಬಂದೂಕನ್ನು ಗಂಡನ ಕಡೆ ಚಾಚಿದರು. “ತುಂಬ್ರಿ.”

ಅಕ್ಕಲಕೋಟದ ವಕೀಲಸಾಹೇಬರು ಮದ್ದಿನ ಅಳತೆ ಕೈಗೆ ತೆಗೆದುಕೊಂಡು, ಬಗ್ಗಿ, ತುಂಬತೊಡಗಿದರು.